ಹಾಯಿದೋಣಿಯಲ್ಲಿ ಗೆಳೆಯರ ಜೊತೆ ಒಂದು ವಾರ: ಹೊಂದಿಕೊಳ್ಳುವುದು ಹೇಗೆ?

ಗ್ರೀಸ್‌ನ ಪಶ್ಚಿಮಕ್ಕಿರುವ ಅಯೋನಿಯನ್ ಸಮುದ್ರ ಹಾಯಿದೋಣಿಗೆ ಹೊಸಬರಾದವರಿಗೆ ಹೇಳಿ ಮಾಡಿಸಿದ ಜಾಗ. ಲೆಫ್ಕಾಡ, ಮೆಗಾನಿಸಿ, ಇಥಾಕಾ, ಕೆಫಲೋನಿಯಾ ದ್ವೀಪಗಳು ಹತ್ತಿರ ಹತ್ತಿರ ಇವೆ. ಉಬ್ಬರ ಇಳಿತ ಲೆಕ್ಕಕ್ಕೇ ಇಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ನೀರು ಶಾಂತವಾಗಿರುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಮೈಸ್ತ್ರೊ ಎಂಬ ಗಾಳಿ ಏಳುತ್ತದೆ, ಸೂರ್ಯ ಮುಳುಗುವ ಹೊತ್ತಿಗೆ ಸಾಮಾನ್ಯವಾಗಿ ಇಳಿಯುತ್ತದೆ. ಜರ್ಮನಿ, ಇಂಗ್ಲೆಂಡಿನಲ್ಲಿರುವ ಇಬ್ಬರು ಮೂವರು, ಬೆಂಗಳೂರಿನಿಂದ ಬರುವ ಇಬ್ಬರು ಮೂವರು ಸೇರಿ ಆರು ಜನರ ಒಂದು ಗುಂಪು. ಅವರು ಲೆಫ್ಕಾಡದಲ್ಲಿ 12 ಮೀಟರ್ ಉದ್ದದ ದೋಣಿಯನ್ನು ಒಂದು ವಾರಕ್ಕೆ ಬಾಡಿಗೆಗೆ ಹಿಡಿದಿದ್ದಾರೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹಾಯಿ ಎತ್ತುವುದು, ಇಳಿಸುವುದನ್ನು ಕಲಿಸುವವರು ಬಹಳ ಜನ ಇದ್ದಾರೆ. ಅದೇ ದೋಣಿಯಲ್ಲಿ ಏಳು ದಿನ ಬದುಕುವುದು ಹೇಗೆ ಅಂತ ಕೂತು ಹೇಳುವವರು ಕಡಿಮೆ. ನಾನು ನೋಡಿದ ಮಟ್ಟಿಗೆ ಪ್ರವಾಸ ಕೆಡುವುದು ಸಣ್ಣ ವಿಷಯಗಳಿಂದಲೇ. ಟ್ಯಾಂಕಿನ ನೀರು ಖಾಲಿಯಾಗುವುದು, ಟಾಯ್ಲೆಟ್ ಪಂಪು ಕಟ್ಟಿಕೊಳ್ಳುವುದು, ದಿನಾ ಒಬ್ಬರೇ ಪಾತ್ರೆ ತೊಳೆಯುವುದು, ಸ್ಕಿಪ್ಪರ್ (ದೋಣಿ ನಡೆಸುವ ಮುಖ್ಯಸ್ಥರು) ಮಾತಿಗೆ ನಾಲ್ಕು ಜನ ನಾಲ್ಕು ಸಲಹೆ ಕೊಡುವುದು. ಇವನ್ನೆಲ್ಲ ಮೊದಲ ಎರಡು ದಿನದಲ್ಲೇ ಸರಿ ಮಾಡಿಕೊಳ್ಳಬೇಕು. ಆಮೇಲೆ ಉಳಿದ ದಿನಗಳು ತಾವಾಗಿಯೇ ನಡೆಯುತ್ತವೆ.

ಹೊರಡುವ ಮೊದಲು

ಮೊದಲು ಸ್ಕಿಪ್ಪರ್ ಯಾರು ಅಂತ ತೀರ್ಮಾನಿಸಿ. ಗ್ರೀಸ್‌ನಲ್ಲಿ ದೋಣಿಯನ್ನು ನೀವೇ ನಡೆಸಬೇಕಾದರೆ ಒಬ್ಬರ ಹತ್ತಿರ ಮಾನ್ಯವಾದ ಸರ್ಟಿಫಿಕೇಟ್ ಇರಬೇಕು. ಜೊತೆಗೆ ದೋಣಿಯ ಕೆಲಸ ಗೊತ್ತಿರುವ ಇನ್ನೊಬ್ಬರು ಇರಬೇಕು. ಸರ್ಟಿಫಿಕೇಟ್ ಇದ್ದರೂ ಅಭ್ಯಾಸ ತಪ್ಪಿದ್ದರೆ ಸಂಬಳಕ್ಕೆ ಒಬ್ಬ ಸ್ಕಿಪ್ಪರ್ ಗೊತ್ತು ಮಾಡಿಕೊಳ್ಳುವುದೇ ವಾಸಿ. ಆಗ ಅವರಿಗೆ ಒಂದು ಕ್ಯಾಬಿನ್ ಬಿಡಬೇಕು, ಅವರ ಊಟವೂ ನಿಮ್ಮ ಲೆಕ್ಕದಲ್ಲೇ ಬರುತ್ತದೆ. ದೋಣಿ ಆರಿಸುವಾಗಲೇ ಇದನ್ನು ಎಣಿಸಿಕೊಳ್ಳಿ.

ಗೆಳೆಯರಲ್ಲೇ ಒಬ್ಬರು ಸ್ಕಿಪ್ಪರ್ ಆಗುವುದಾದರೆ ಒಂದು ಮಾತನ್ನು ಎಲ್ಲರೂ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಎಲ್ಲಿಗೆ ಹೋಗಬೇಕು, ಎಲ್ಲಿ ಊಟ ಮಾಡಬೇಕು ಎನ್ನುವುದನ್ನು ದಡದಲ್ಲಿ ಕೂತು ಎಲ್ಲರೂ ಸೇರಿ ನಿರ್ಧರಿಸಬಹುದು. ದೋಣಿ ಕಟ್ಟೆ ಬಿಟ್ಟ ಮೇಲೆ ಸ್ಕಿಪ್ಪರ್ ಹೇಳಿದ್ದೇ ಕೊನೆಯ ಮಾತು. ಕಾಲೇಜಿನಲ್ಲಿ ಅವರು ನಿಮಗಿಂತ ಜೂನಿಯರ್ ಆಗಿದ್ದರೂ ಅಷ್ಟೇ. ಇನ್ನು ಈಜು. ನಮ್ಮವರಲ್ಲಿ ಈಜು ಬಾರದವರು ಬಹಳ ಜನ ಇದ್ದಾರೆ, ಹೇಳಿಕೊಳ್ಳಲು ನಾಚುತ್ತಾರೆ. ದಯವಿಟ್ಟು ಮೊದಲೇ ಹೇಳಿಬಿಡಿ. ಈಜು ಬಾರದವರೂ ಆರಾಮಾಗಿ ಬರಬಹುದು, ಆದರೆ ಡೆಕ್ (ದೋಣಿಯ ಮೇಲಿನ ತೆರೆದ ಭಾಗ) ಮೇಲಿರುವಷ್ಟು ಹೊತ್ತೂ ಲೈಫ್ ಜಾಕೆಟ್ ಮೈಮೇಲಿರಬೇಕು. ಮಕ್ಕಳಿಗೂ ಇದೇ ನಿಯಮ.

ಸಾಮಾನು ಮಡಚಿಡಬಹುದಾದ ಬಟ್ಟೆಯ ಬ್ಯಾಗಿನಲ್ಲಿರಲಿ. ಗಟ್ಟಿ ಸೂಟ್‌ಕೇಸ್ ಇಡಲು ದೋಣಿಯಲ್ಲಿ ಜಾಗವೇ ಇಲ್ಲ. ವಾರವಿಡೀ ಅದು ಯಾರದ್ದೋ ಹಾಸಿಗೆ ಮೇಲೆ ಕೂತಿರುತ್ತದೆ. ಡೆಕ್ ಮೇಲೆ ಗುರುತು ಬೀಳದ, ಬಿಳಿ ಅಟ್ಟೆಯ ಶೂ ಬೇಕು. ಟೋಪಿಗೆ, ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ. ನೀರಿನಿಂದ ಪ್ರತಿಫಲಿಸುವ ಬಿಸಿಲು ಟೋಪಿಯ ಅಡಿಗೂ ಬರುತ್ತದೆ, ನಮ್ಮ ಬಣ್ಣಕ್ಕೆ ಏನೂ ಆಗಲ್ಲ ಅಂದುಕೊಳ್ಳಬೇಡಿ. ಸನ್‌ಸ್ಕ್ರೀನ್, ತೆಳುವಾದ ಉದ್ದ ತೋಳಿನ ಅಂಗಿ ತನ್ನಿ. ದೋಣಿಯಲ್ಲಿರುವ ಎಲ್ಲರ ಹೆಸರು, ಪಾಸ್‌ಪೋರ್ಟ್ ವಿವರ ದೋಣಿ ಬಾಡಿಗೆಗೆ ಕೊಡುವವರಿಗೆ ಮುಂಚೆಯೇ ಕೊಡಬೇಕಾಗುತ್ತದೆ. ಬೆಂಗಳೂರಿನಿಂದ ಬರುವವರ ಷೆಂಗೆನ್ ವೀಸಾ ಕೊನೆ ಗಳಿಗೆಗೆ ಬಿಡುವ ಕೆಲಸವಲ್ಲ.

ತಿಂಗಳು ಆರಿಸುವ ಅವಕಾಶ ಇದ್ದರೆ ಜೂನ್ ಅಥವಾ ಸೆಪ್ಟೆಂಬರ್ ಆರಿಸಿ. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ದೋಣಿಗಳೂ ಜಾಸ್ತಿ.

ಶನಿವಾರ: ದೋಣಿ ಕೈಗೆ ಬಂದಾಗ

ಇಲ್ಲಿ ಬಾಡಿಗೆ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಪ್ರೆವೆಜಾ ವಿಮಾನ ನಿಲ್ದಾಣದಿಂದ ಲೆಫ್ಕಾಡಕ್ಕೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆ. ದ್ವೀಪಕ್ಕೆ ರಸ್ತೆಯಲ್ಲೇ ಹೋಗಬಹುದು. ನಡುವಿನ ಕಾಲುವೆಗೆ ತೇಲುವ ಸೇತುವೆ ಇದೆ, ದೋಣಿಗಳಿಗಾಗಿ ಅದು ಆಗಾಗ ಬಾಯಿ ತೆರೆಯುತ್ತದೆ. ದೋಣಿಗಳನ್ನು ಕಟ್ಟುವ ಬಂದರು, ಅಂದರೆ ಮರೀನಾ, ಈ ಸೇತುವೆಯ ದಕ್ಷಿಣಕ್ಕಿದೆ. ದಕ್ಷಿಣದ ದ್ವೀಪಗಳಿಗೆ ಹೋಗುವವರು ಸೇತುವೆಗಾಗಿ ಕಾಯಬೇಕಾಗಿಲ್ಲ.

ತಲುಪಿದ ಕೂಡಲೇ ಎಲ್ಲರೂ ದೋಣಿಗೆ ನುಗ್ಗಬೇಡಿ. ಇಬ್ಬರು ಸೂಪರ್ ಮಾರ್ಕೆಟ್‌ಗೆ ಹೋಗಲಿ. ಸ್ಕಿಪ್ಪರ್ ಮತ್ತು ಇನ್ನೊಬ್ಬರು ಬಾಡಿಗೆಯವರ ಜೊತೆ ದೋಣಿಯನ್ನು ತಪಾಸಣೆ ಮಾಡಲಿ. ಇನ್ನೊಬ್ಬರು ಯಾಕೆ ಅಂದರೆ, ಒಬ್ಬರೇ ಕೇಳಿಸಿಕೊಂಡರೆ ಅರ್ಧ ಮರೆತುಹೋಗುತ್ತದೆ. ಎಂಜಿನ್ ಎಣ್ಣೆ ನೋಡುವುದು ಎಲ್ಲಿ, ಗ್ಯಾಸ್ ಸಿಲಿಂಡರ್ ಎಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿ, ನೀರು ಒಳಗೆ ಬರುವ ವಾಲ್ವ್‌ಗಳು ಎಲ್ಲೆಲ್ಲಿವೆ, ದೋಣಿಯ ತಳದಲ್ಲಿ (ಬಿಲ್ಜ್) ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಹಿಡಿ ಎಲ್ಲಿ. ಎಲ್ಲವನ್ನೂ ಫೋನಿನಲ್ಲಿ ವೀಡಿಯೊ ಮಾಡಿಕೊಳ್ಳಿ. ಹಾಯಿಯಲ್ಲಿ ಹರಿದಿದ್ದು, ಡೆಕ್ ಮೇಲಿನ ಗೀರು, ಇರುವುದನ್ನೆಲ್ಲ ಫೋಟೊ ತೆಗೆದು ಅವರ ಪಟ್ಟಿಯಲ್ಲಿ ಬರೆಸಿ. ನಿಮ್ಮ ಡಿಪಾಸಿಟ್ ವಾಪಸ್ ಬರುವುದು ಇದರ ಮೇಲೆ ನಿಂತಿದೆ.

ಕ್ಯಾಬಿನ್ ಹಂಚಿಕೆಗೆ ಚೀಟಿ ಎತ್ತುವುದಕ್ಕಿಂತ ಸ್ವಲ್ಪ ಯೋಚನೆ ಒಳ್ಳೆಯದು. ಮುಂದಿನ ಕ್ಯಾಬಿನ್‌ಗೆ ರಾತ್ರಿ ಗಾಳಿ ಚೆನ್ನಾಗಿ ಬರುತ್ತದೆ. ಆದರೆ ದೋಣಿ ಓಡುವಾಗ ಅಲ್ಲೇ ಹೊಯ್ದಾಟ ಹೆಚ್ಚು, ಲಂಗರಿನ ಸರಪಳಿ ಸದ್ದೂ ತಲೆ ಹತ್ತಿರವೇ. ಹಿಂದಿನ ಕ್ಯಾಬಿನ್‌ಗಳು ಅಲುಗಾಡುವುದು ಕಡಿಮೆ, ಸೆಖೆ ಜಾಸ್ತಿ, ಪಕ್ಕದಲ್ಲೇ ಎಂಜಿನ್. ಹೊಟ್ಟೆ ತೊಳಸುವವರನ್ನು ಹಿಂದೆ ಹಾಕಿ. ಗೊರಕೆ ಹೊಡೆಯುವವರಿಗೆ ಯಾವ ಕ್ಯಾಬಿನ್ ಕೊಟ್ಟರೂ ಎಲ್ಲರಿಗೂ ಕೇಳಿಸುತ್ತದೆ. ಹಾಗಾಗಿ ಇಯರ್‌ಪ್ಲಗ್ ಎಲ್ಲರ ಬ್ಯಾಗಿನಲ್ಲೂ ಇರಲಿ.

ಆ ರಾತ್ರಿ ಮರೀನಾದಲ್ಲೇ ಮಲಗಿ. ಸಂಜೆ ಐದಕ್ಕೆ ಹೊರಟು ಕತ್ತಲಲ್ಲಿ ಲಂಗರು ಹಾಕುವ ಆಸೆ ಬೇಡ. ದೋಣಿ ಕಟ್ಟೆಗೆ ಕಟ್ಟಿರುವಾಗಲೇ ಎಲ್ಲರೂ ಲೈಫ್ ಜಾಕೆಟ್ ಹಾಕಿ ಬಿಗಿ ನೋಡಿಕೊಳ್ಳಿ, ಅದರ ಮೇಲೆ ಹೆಸರು ಅಂಟಿಸಿ. ಸ್ಕಿಪ್ಪರ್ ಅಲ್ಲದ ಒಬ್ಬರಿಗೆ ಎಂಜಿನ್ ಶುರು ಮಾಡುವುದು, ಹಾಯಿ ಇಳಿಸುವುದು, ರೇಡಿಯೊದ 16ನೇ ಚಾನೆಲ್‌ನಲ್ಲಿ ಸಹಾಯ ಕೇಳುವುದು ಗೊತ್ತಿರಲೇಬೇಕು. ಸ್ಕಿಪ್ಪರೇ ನೀರಿಗೆ ಬಿದ್ದರೆ ವಾಪಸ್ ಹೋಗಿ ಎತ್ತುವವರು ಬೇಕಲ್ವಾ? ಯಾರಾದರೂ ಬಿದ್ದರೆ ಮಾಡುವ ಕೆಲಸ ಹೀಗೆ: ಕೂಗಿ ಹೇಳುವುದು, ಹಿಡಿದುಕೊಂಡು ತೇಲಲು ಬಳೆಯಾಕಾರದ ಲೈಫ್ ರಿಂಗ್ ಎಸೆಯುವುದು. ಒಬ್ಬರು ಮಾತ್ರ ಬೇರೇನೂ ಮಾಡದೆ ಬಿದ್ದವರ ಕಡೆಗೆ ಬೆರಳು ತೋರಿಸುತ್ತಾ ನಿಲ್ಲುವುದು. ಅಲೆಗಳ ನಡುವೆ ಒಂದು ತಲೆ ಎಷ್ಟು ಬೇಗ ಕಣ್ಮರೆಯಾಗುತ್ತದೆ ಅಂದರೆ ನಂಬುವುದು ಕಷ್ಟ.

ನೀರು, ಕರೆಂಟು, ಗ್ಯಾಸ್

ಈ ಗಾತ್ರದ ದೋಣಿಯಲ್ಲಿ ಸಾಮಾನ್ಯವಾಗಿ 300ರಿಂದ 500 ಲೀಟರ್ ನೀರು ಹಿಡಿಯುತ್ತದೆ. ಆರು ಜನ ಮನೆಯಲ್ಲಿ ಸ್ನಾನ ಮಾಡಿದ ಹಾಗೆ ಮಾಡಿದರೆ ಎರಡನೇ ದಿನಕ್ಕೇ ಪಂಪು ಬರೀ ಗಾಳಿ ಎಳೆಯುತ್ತದೆ. ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಮನೆಯಲ್ಲಿ ಹಂಡೆ ನೀರು ಬಳಸುವ ಹಾಗೆ ಬಳಸಬೇಕು. ಸಮುದ್ರದಲ್ಲೇ ಈಜಿ, ಅಲ್ಲೇ ಮೈ ಉಜ್ಜಿಕೊಳ್ಳಿ, ಹಿಂಬದಿಯ ಶವರ್‌ನಲ್ಲಿ ಉಪ್ಪು ಹೋಗುವಷ್ಟು ಮಾತ್ರ ಸಿಹಿನೀರು ಸುರಿದುಕೊಳ್ಳಿ. ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿ. ಕುಡಿಯಲು ಬಾಟಲಿ ನೀರು ಬೇರೆ ತನ್ನಿ, ಬೇಸಿಗೆಯಲ್ಲಿ ಒಬ್ಬರಿಗೆ ದಿನಕ್ಕೆ ಎರಡು ಮೂರು ಲೀಟರ್ ಬೇಕೇ ಬೇಕು. ನೀರು ತುಂಬಿಸಿಕೊಳ್ಳುವ ಅವಕಾಶ ಸಿಕ್ಕ ಕಡೆಯಲ್ಲೆಲ್ಲ, ಅರ್ಧ ಟ್ಯಾಂಕ್ ಇದ್ದರೂ ತುಂಬಿಸಿ.

ಕರೆಂಟು ಬರುವುದು ಬ್ಯಾಟರಿಯಿಂದ. ಎಂಜಿನ್ ಓಡಿದಾಗ ಅಥವಾ ಕಟ್ಟೆಯ ಕರೆಂಟಿಗೆ ತಂತಿ ಹಾಕಿದಾಗ ಅದು ಚಾರ್ಜ್ ಆಗುತ್ತದೆ, ಕೆಲವು ದೋಣಿಗಳಲ್ಲಿ ಸೌರ ಫಲಕವೂ ಇರುತ್ತದೆ. ಗೋಡೆಯ ಮಾಮೂಲಿ ಪ್ಲಗ್ಗುಗಳು ಬಹುಪಾಲು ದೋಣಿಗಳಲ್ಲಿ ಕಟ್ಟೆಯ ಕರೆಂಟು ಇದ್ದಾಗ ಮಾತ್ರ ಕೆಲಸ ಮಾಡುತ್ತವೆ. ಲ್ಯಾಪ್‌ಟಾಪ್, ಹೇರ್ ಡ್ರೈಯರ್ ನಂಬಿಕೊಂಡು ಬರಬೇಡಿ. ಫೋನಿಗೆ 12 ವೋಲ್ಟ್ ಚಾರ್ಜರ್, ಒಂದು ದೊಡ್ಡ ಪವರ್ ಬ್ಯಾಂಕ್ ಸಾಕು. ಎಲ್ಲಕ್ಕಿಂತ ಹೆಚ್ಚು ಕರೆಂಟು ತಿನ್ನುವುದು ಫ್ರಿಜ್. ಪ್ರತಿಯೊಬ್ಬರೂ ಸುಮ್ನೆ ಮುಚ್ಚಳ ತೆಗೆದು ಇಣುಕುವ ಅಭ್ಯಾಸ ಬಿಡಬೇಕು. ಹಗಲಿಗೆ ಬೇಕಾದ ಪಾನೀಯಗಳನ್ನು ಬೆಳಿಗ್ಗೆಯೇ ಐಸ್ ಹಾಕಿದ ಬ್ಯಾಗಿಗೆ ತೆಗೆದಿಡಿ.

ಗ್ಯಾಸ್ ವಿಷಯದಲ್ಲಿ ಸಡಿಲ ಬಿಡಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ಕಿಟಕಿ ತೆಗೆದು ಹೊರಗೆ ಕಳಿಸಬಹುದು. ದೋಣಿಯಲ್ಲಿ ಅದು ತಳಕ್ಕೆ ಇಳಿದು ಬಿಲ್ಜ್‌ನಲ್ಲಿ ಕೂರುತ್ತದೆ. ಆಮೇಲೆ ಒಂದು ಕಿಡಿ ಸಾಕು. ಅಡುಗೆ ಮುಗಿದ ಮೇಲೆ ಒಲೆಯ ಗುಂಡಿ ತಿರುಗಿಸಿದರೆ ಸಾಲದು, ಸಿಲಿಂಡರ್‌ನ ಹತ್ತಿರದ ವಾಲ್ವ್ ಕೂಡ ಮುಚ್ಚಬೇಕು. ಮುಚ್ಚಿದವರು "ಗ್ಯಾಸ್ ಆಫ್" ಅಂತ ಜೋರಾಗಿ ಹೇಳುವ ಪದ್ಧತಿ ಇಟ್ಟುಕೊಳ್ಳಿ.

ಟಾಯ್ಲೆಟ್ ಬಗ್ಗೆ ಮುಚ್ಚುಮರೆ ಬೇಡ

ಸ್ಕಿಪ್ಪರ್ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ತೋರಿಸಬೇಕಾದ ವಿಷಯ ಇದು. ಕೈಪಂಪಿನ ಟಾಯ್ಲೆಟ್‌ನಲ್ಲಿ ಒಂದು ಸಣ್ಣ ಲಿವರ್ ಇರುತ್ತದೆ. ಒಂದು ಕಡೆಗೆ ತಿರುಗಿಸಿ ಪಂಪ್ ಮಾಡಿದರೆ ಸಮುದ್ರದ ನೀರು ಬಂದು ತೊಳೆಯುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಬರೀ ಖಾಲಿಯಾಗುತ್ತದೆ. ಹದಿನೈದು ಇಪ್ಪತ್ತು ಸಲ ನಿಧಾನವಾಗಿ ಪಂಪ್ ಮಾಡಿ, ಕೊನೆಯಲ್ಲಿ ಖಾಲಿ ಮಾಡಿ, ಲಿವರ್ ಮೊದಲಿನ ಜಾಗಕ್ಕೆ ತನ್ನಿ. ಬಿಗಿಯಾದರೆ ಬಲ ಹಾಕಬೇಡಿ, ಸ್ಕಿಪ್ಪರ್‌ಗೆ ಹೇಳಿ. ಕೊಳವೆ ಬೆರಳೆರಡರಷ್ಟೇ ದಪ್ಪ. ನೀವು ತಿಂದು ಅರಗಿಸಿಕೊಳ್ಳದ ಯಾವುದೂ ಅದರೊಳಗೆ ಹೋಗಬಾರದು. ಟಾಯ್ಲೆಟ್ ಪೇಪರ್ ಕೂಡ ಡಬ್ಬಕ್ಕೆ. ಗ್ರೀಸ್‌ನಲ್ಲಿ ದಡದ ಮೇಲೂ ಬಹುತೇಕ ಕಡೆ ಇದೇ ಪದ್ಧತಿ, ಹಾಗಾಗಿ ವಿಚಿತ್ರ ಅನಿಸುವುದಿಲ್ಲ.

ನಮಗೆ ಇಲ್ಲಿ ಒಂದು ಅನುಕೂಲ ಇದೆ. ನೀರಿನಲ್ಲಿ ತೊಳೆದುಕೊಳ್ಳುವ ಅಭ್ಯಾಸ ಇರುವವರಿಂದ ಕೊಳವೆ ಕಟ್ಟಿಕೊಳ್ಳುವುದಿಲ್ಲ. ಒಂದು ಸಣ್ಣ ಪ್ಲಾಸ್ಟಿಕ್ ಮಗ್ ತನ್ನಿ. ಸಿಂಕಿನ ನಲ್ಲಿಯನ್ನೇ ಎಳೆದು ಶವರ್ ಮಾಡಿಕೊಳ್ಳುವ ಏರ್ಪಾಡು ಬಹಳ ದೋಣಿಗಳಲ್ಲಿದೆ, ಅದೂ ಆಗುತ್ತದೆ. ಆದರೆ ಅದು ಟ್ಯಾಂಕಿನ ಸಿಹಿನೀರು, ಮಗ್ ಇದ್ದರೆ ಅಳತೆ ಸಿಗುತ್ತದೆ. ಕೊಲ್ಲಿಗಳಲ್ಲಿ, ಬಂದರುಗಳಲ್ಲಿ ಕೊಳಚೆ ಟ್ಯಾಂಕಿನ ವಾಲ್ವ್ ಮುಚ್ಚಿರಲಿ. ದಡದಿಂದ ದೂರ ಹೋದ ಮೇಲೆಯೇ ಖಾಲಿ ಮಾಡಿ. ಪಕ್ಕದ ದೋಣಿಯ ಮಕ್ಕಳು ಅದೇ ನೀರಿಗೆ ಹಾರುತ್ತಿರುತ್ತಾರೆ.

ಮೊದಲ ದಿನದ ಓಟ ಎರಡು ಗಂಟೆ ಸಾಕು

ಭಾನುವಾರ ಬೆಳಿಗ್ಗೆ ಹೊರಟು ಮೆಗಾನಿಸಿಗೆ ಹೋಗಿ. ಲೆಫ್ಕಾಡದ ಕಾಲುವೆಯಿಂದ ಸುಮಾರು 10 ನಾಟಿಕಲ್ ಮೈಲಿ, ಅಂದರೆ 18 ಕಿಲೋಮೀಟರ್‌ನಷ್ಟು. ಗಂಟೆಗೆ ಐದು ಮೈಲಿಯ ನಿಧಾನದ ಓಟದಲ್ಲಿ ಎರಡು ಗಂಟೆ. ದಾರಿಯಲ್ಲಿ ಸ್ಕೋರ್ಪಿಯೋಸ್ ಎಂಬ ಪುಟ್ಟ ದ್ವೀಪ ಸಿಗುತ್ತದೆ. ಹಡಗುಗಳ ಒಡೆಯ ಅರಿಸ್ಟಾಟಲ್ ಒನಾಸಿಸ್ 1968ರಲ್ಲಿ ಜಾಕ್ವೆಲಿನ್ ಕೆನಡಿಯವರನ್ನು ಮದುವೆಯಾದದ್ದು ಅಲ್ಲೇ. ಮೆಗಾನಿಸಿಯ ಉತ್ತರದ ಕೊಲ್ಲಿಗಳಲ್ಲಿ ಲಂಗರು ಹಾಕಿ, ಈಜಿ, ಊಟ ಮಾಡಿ, ಮಲಗಿ. ಮೊದಲ ದಿನವೇ ಇಥಾಕಾಗೆ ಹೋಗೋಣ ಅನ್ನುವ ಗೆಳೆಯರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಅವರ ಉತ್ಸಾಹವನ್ನು ಮಂಗಳವಾರಕ್ಕೆ ಉಳಿಸಿ.

ಯಾಕೆ ಅಂದರೆ ಹೊಟ್ಟೆ ದೋಣಿಗೆ ಹೊಂದಿಕೊಳ್ಳಲು ಒಂದೆರಡು ದಿನ ಬೇಕು. ಕಣ್ಣಿಗೆ ಕಾಣುವುದಕ್ಕೂ ಕಿವಿಯೊಳಗಿನ ಸಮತೋಲನಕ್ಕೂ ತಾಳ ತಪ್ಪಿದಾಗಲೇ ತಲೆ ಸುತ್ತುವುದು. ಕೆಳಗಿನ ಕ್ಯಾಬಿನ್‌ಗೆ ಹೋಗಬೇಡಿ, ಫೋನ್ ನೋಡಬೇಡಿ. ಹಿಂಬದಿಯಲ್ಲಿ ಚುಕ್ಕಾಣಿ ಇರುವ ತೆರೆದ ಜಾಗದಲ್ಲಿ (ಕಾಕ್‌ಪಿಟ್) ಕೂತು ದಿಗಂತ ನೋಡಿ. ಚುಕ್ಕಾಣಿ ಹಿಡಿದವರಿಗೆ ತಲೆ ಸುತ್ತುವುದು ಕಡಿಮೆ, ಹಾಗಾಗಿ ಮುಖ ಬಿಳುಚಿಕೊಂಡವರ ಕೈಗೆ ಚಕ್ರ ಕೊಡಿ. ಖಾಲಿ ಹೊಟ್ಟೆ ಬೇಡ, ಹಿಂದಿನ ರಾತ್ರಿಯ ಮದ್ಯವೂ ಬೇಡ. ಒಣಶುಂಠಿ, ಶುಂಠಿ ಪೆಪ್ಪರ್‌ಮೆಂಟ್ ಕೆಲವರಿಗೆ ಒಗ್ಗುತ್ತದೆ. ಸಿನ್ನರಿಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವುದಾದರೆ ಊರಿನಲ್ಲೇ ಡಾಕ್ಟರನ್ನು ಕೇಳಿ. ಹೊರಡುವುದಕ್ಕೆ ಎರಡು ಗಂಟೆ ಮುಂಚೆ ನುಂಗಬೇಕು, ವಾಕರಿಕೆ ಶುರುವಾದ ಮೇಲೆ ಪ್ರಯೋಜನ ಕಡಿಮೆ. ವಾಂತಿ ಬಂದರೆ ಗಾಳಿ ಬೀಸಿ ಹೋಗುವ ಕಡೆಗೆ, ಕೂತುಕೊಂಡೇ ಮಾಡಿ. ಪಕ್ಕದಲ್ಲೊಬ್ಬರು ಹಿಡಿದುಕೊಂಡಿರಲಿ.

ಓಡಾಡುವಾಗ ಒಂದು ಕೈ ಕೆಲಸಕ್ಕೆ, ಒಂದು ಕೈ ಹಿಡಿದುಕೊಳ್ಳಲು. ಹಾಯಿಯ ಕೆಳಗಿನ ಅಡ್ಡಕಂಬ ಯಾವಾಗ ಬೇಕಾದರೂ ಆ ಕಡೆಯಿಂದ ಈ ಕಡೆಗೆ ಬೀಸಬಹುದು. ಅದರ ಎತ್ತರಕ್ಕೆ ತಲೆ ತರಬೇಡಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಹೊರಡುವ ಮುಂಚೆ ಮೇಲಿನ ಕಿಟಕಿಗಳೆಲ್ಲ ಮುಚ್ಚಿವೆಯಾ ಅಂತ ಒಬ್ಬರು ನೋಡಿ ಬರಬೇಕು. ಒಂದು ಅಲೆ ಸಾಕು, ಹಾಸಿಗೆ ಒದ್ದೆಯಾಗಲು. ಉಪ್ಪುನೀರಿನ ಹಾಸಿಗೆ ವಾರವಿಡೀ ಒಣಗುವುದಿಲ್ಲ.

ಅಡುಗೆ

ಮನೆಯಿಂದ ಮೂರು ಲೀಟರಿನ ಕುಕ್ಕರ್ ತನ್ನಿ. ಅನ್ನ, ಬೇಳೆ ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ, ದೋಣಿ ವಾಲಿದರೂ ಮುಚ್ಚಳ ಬಿಗಿಯಾಗಿರುವುದರಿಂದ ಚೆಲ್ಲುವುದಿಲ್ಲ. ದೋಣಿಯ ಒಲೆ ತೂಗಾಡುವ ಹಾಗೆ ಕೂರಿಸಿರುತ್ತಾರೆ. ಪಾತ್ರೆ ಹಿಡಿದುಕೊಳ್ಳುವ ಕಂಬಿಗಳಿರುತ್ತವೆ, ಅವನ್ನು ಬಿಗಿ ಮಾಡಿ. ಓಡುವ ದೋಣಿಯಲ್ಲಿ ಎಣ್ಣೆ ಕಾಯಿಸುವ ಕೆಲಸ ಬೇಡವೇ ಬೇಡ. ಪೂರಿ, ಬೋಂಡಾ ಊರಿಗೆ ಹೋಗಿ ಮಾಡಿಕೊಳ್ಳಿ.

ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ, ಅವಲಕ್ಕಿ, ಉಪ್ಪಿನಕಾಯಿ ಇದ್ದರೆ ಬೆಳಗಿನ ತಿಂಡಿ ಹತ್ತು ನಿಮಿಷದ ಕೆಲಸ. ಟೊಮೆಟೊ, ಸೌತೆಕಾಯಿ, ಈರುಳ್ಳಿ, ನಿಂಬೆಹಣ್ಣು ಪ್ರತಿ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತವೆ. ಗ್ರೀಕರ ಗಟ್ಟಿ ಮೊಸರು ನಮ್ಮ ಮೊಸರನ್ನಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಸ್ವಲ್ಪ ಹಾಲು ಬೆರೆಸಿ ಸಡಿಲ ಮಾಡಿ, ಒಗ್ಗರಣೆ ಹಾಕಿ. ಹೊಟ್ಟೆ ಕೆಟ್ಟವರಿಗೂ ಅದು ಇಳಿಯುತ್ತದೆ. ಬೆಳಿಗ್ಗೆ ಲಂಗರಿನಲ್ಲಿರುವಾಗಲೇ ಮಧ್ಯಾಹ್ನಕ್ಕೆ ಚಿತ್ರಾನ್ನವೋ ಮೊಸರನ್ನವೋ ಮಾಡಿ ಡಬ್ಬಕ್ಕೆ ತುಂಬಿಡಿ. ಗಾಳಿ ಎದ್ದ ಮೇಲೆ ಯಾರೂ ಒಲೆ ಮುಂದೆ ನಿಲ್ಲಬಾರದು. ರಾತ್ರಿ ಊಟ ದಡದ ತಾವೆರ್ನಾದಲ್ಲಿ, ಅಂದರೆ ಅಲ್ಲಿನ ಸಣ್ಣ ಹೋಟೆಲಿನಲ್ಲಿ ಮಾಡಿ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಎಣ್ಣೆಯಲ್ಲಿ ಬೇಯಿಸಿದ ತರಕಾರಿ, ಬೀನ್ಸ್, ಸೊಪ್ಪು, ಚೀಸ್ ಅಲ್ಲಿನ ಮನೆ ಅಡುಗೆಯ ಭಾಗವೇ.

ಇನ್ನೊಂದು ಮಾತನ್ನು ಬಿಡಿಸಿ ಹೇಳುತ್ತೇನೆ. ದಂಪತಿಗಳು ಸೇರಿ ಹೋದ ಗುಂಪುಗಳಲ್ಲಿ ಹೆಂಗಸರು ಕೆಳಗೆ ಅಡುಗೆ ಮಾಡುತ್ತಾರೆ, ಗಂಡಸರು ಮೇಲೆ ಹಾಯಿ ಎಳೆಯುತ್ತಾರೆ. ಕೇಳದೆಯೇ ಹೀಗಾಗಿಬಿಡುತ್ತದೆ. ಆ ಅಡುಗೆ ಜಾಗ ದೋಣಿಯಲ್ಲೇ ಹೆಚ್ಚು ಸೆಖೆಯ, ಹೆಚ್ಚು ತಲೆ ಸುತ್ತಿಸುವ ಜಾಗ. ಇದನ್ನು ಮೊದಲ ದಿನವೇ ಮುರಿಯಿರಿ. ಇಬ್ಬಿಬ್ಬರ ಜೋಡಿ ಮಾಡಿ, ಒಂದು ಜೋಡಿಗೆ ಅಡುಗೆ, ಒಂದಕ್ಕೆ ಪಾತ್ರೆ ಮತ್ತು ಕಸ, ಒಂದಕ್ಕೆ ಹಗ್ಗ ಮತ್ತು ಲಂಗರು. ದಿನಾ ಬದಲಾಗಲಿ. ವಾರದ ಕೊನೆಗೆ ಚುಕ್ಕಾಣಿ ಹಿಡಿಯದವರು ಯಾರೂ ಉಳಿಯಬಾರದು, ಪಾತ್ರೆ ಉಜ್ಜದವರೂ ಉಳಿಯಬಾರದು.

ಬಂದರಿನಲ್ಲಿ ದೋಣಿ ಕಟ್ಟುವಾಗ

ಇಥಾಕಾದ ಕಿಯೋನಿ, ಕೆಫಲೋನಿಯಾದ ಫಿಸ್ಕಾರ್ಡೊ ನೋಡಲೇಬೇಕಾದ ಊರುಗಳು. 1953ರ ದೊಡ್ಡ ಭೂಕಂಪದಲ್ಲಿ ಕೆಫಲೋನಿಯಾದ ಬಹುತೇಕ ಊರುಗಳು ನೆಲಸಮವಾದವು. ಫಿಸ್ಕಾರ್ಡೊ ಉಳಿಯಿತು, ಅದರ ಹಳೆಯ ಮನೆಗಳು ಇಂದಿಗೂ ನಿಂತಿವೆ. ಬೇಸಿಗೆಯ ನಡುವೆ ಈ ಬಂದರುಗಳು ಮಧ್ಯಾಹ್ನಕ್ಕೇ ತುಂಬುತ್ತವೆ. ಬೇಗ ತಲುಪಿ.

ಇಲ್ಲಿ ದೋಣಿ ಕಟ್ಟುವ ರೀತಿ ಬೇರೆ. ಕಟ್ಟೆಯಿಂದ ಮೂರು ನಾಲ್ಕು ದೋಣಿಯುದ್ದ ದೂರದಲ್ಲಿ ಲಂಗರು ಬಿಟ್ಟು, ಹಿಮ್ಮುಖವಾಗಿ ಬಂದು, ಹಿಂಬದಿಯ ಎರಡು ಹಗ್ಗಗಳನ್ನು ಕಟ್ಟೆಗೆ ಕಟ್ಟಬೇಕು. ಎಲ್ಲರಿಗೂ ಎದೆ ಬಡಿಯುವ ಹೊತ್ತು ಇದೇ. ಊರಿನವರೆಲ್ಲ ಕಾಫಿ ಕುಡಿಯುತ್ತಾ ನೋಡುತ್ತಿರುತ್ತಾರೆ. ಒಳಗೆ ಹೋಗುವ ಮೊದಲೇ, ದೂರದಲ್ಲಿ ನಿಂತು, ಯಾರು ಏನು ಮಾಡಬೇಕು ಅಂತ ಮಾತಾಡಿ ಮುಗಿಸಿ. ಒಬ್ಬರು ಲಂಗರಿನ ಹತ್ತಿರ, ಇಬ್ಬರು ಹಿಂಬದಿಯ ಹಗ್ಗದ ಹತ್ತಿರ, ಇಬ್ಬರ ಕೈಯಲ್ಲಿ ಪಕ್ಕದ ದೋಣಿಗೆ ತಾಗದಂತೆ ಫೆಂಡರ್ ಎಂಬ ಗಾಳಿ ತುಂಬಿದ ದಿಂಬುಗಳು. ಗಾಳಿ ಬರುವ ಕಡೆಯ ಹಗ್ಗ ಮೊದಲು ಹೋಗಬೇಕು. ಆಮೇಲೆ ಸ್ಕಿಪ್ಪರ್ ಒಬ್ಬರದೇ ದನಿ, ಉಳಿದವರು ಕೈಸನ್ನೆಯಲ್ಲಿ ಉತ್ತರಿಸಲಿ. ಸರಿಯಾಗಲಿಲ್ಲ ಅಂದರೆ ಹೊರಗೆ ಹೋಗಿ ಮತ್ತೆ ಬನ್ನಿ, ಅದರಲ್ಲಿ ಅವಮಾನ ಏನೂ ಇಲ್ಲ. ಏಳೆಂಟು ಟನ್ ತೂಗುವ ದೋಣಿಯನ್ನು ಕೈಯಿಂದ, ಕಾಲಿನಿಂದ ತಡೆಯಲು ಹೋಗಬೇಡಿ. ಕಟ್ಟೆಗೆ ಹಾರಬೇಡಿ, ಕಾಲಿಟ್ಟು ದಾಟುವಷ್ಟು ಹತ್ತಿರ ಬರುವವರೆಗೆ ಕಾಯಿರಿ. ಹಗ್ಗದ ತುದಿ ನೀರಿಗೆ ಬೀಳದಂತೆ ನೋಡಿಕೊಳ್ಳಿ, ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ದಿನವೇ ಹೋಯಿತು.

ಕೊಲ್ಲಿಯಲ್ಲಿ ಬರೀ ಲಂಗರಿನ ಮೇಲೆ ನಿಲ್ಲುವಾಗ ಆಳದ ನಾಲ್ಕೈದು ಪಟ್ಟು ಸರಪಳಿ ಬಿಡಿ. ಮರಳಿನ ತಿಳಿ ಬಣ್ಣದ ಜಾಗ ನೋಡಿ ಹಾಕಿ. ಕಪ್ಪಗೆ ಕಾಣುವ ಕಡಲಹುಲ್ಲಿನಲ್ಲಿ ಲಂಗರು ಕಚ್ಚುವುದಿಲ್ಲ, ಹುಲ್ಲೂ ಹಾಳಾಗುತ್ತದೆ. ಒಬ್ಬರು ಈಜಿ ಹೋಗಿ, ಲಂಗರು ಕಚ್ಚಿದೆಯಾ ಅಂತ ಈಜು ಕನ್ನಡಕದಲ್ಲಿ ನೋಡಿ ಬಂದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಒಬ್ಬರ ಮೇಲೊಬ್ಬರು ರೇಗದಿರಲು

ನಾಲ್ಕನೇ ದಿನದ ಹೊತ್ತಿಗೆ ಸಣ್ಣ ವಿಷಯಕ್ಕೂ ಸಿಟ್ಟು ಬರುತ್ತದೆ. ಒದ್ದೆ ಟವೆಲ್, ದಾರಿಗೆ ಅಡ್ಡ ಬಿದ್ದ ಚಪ್ಪಲಿ, ಬೆಳಿಗ್ಗೆ ಆರಕ್ಕೇ ಸ್ಪೀಕರ್‌ನಲ್ಲಿ ಹಾಡು. ಬಾಗಿಲು ಹಾಕಿಕೊಳ್ಳಲು ಬೇರೆ ಕೋಣೆ ಇಲ್ಲವಲ್ಲ. ದಿನಕ್ಕೊಂದು ಗಂಟೆ ಪ್ರತಿಯೊಬ್ಬರೂ ಒಂಟಿಯಾಗಿರಲಿ. ಯಾರೋ ಊರೊಳಗೆ ನಡೆದುಕೊಂಡು ಹೋಗಲಿ, ಯಾರೋ ಮುಂದಿನ ಡೆಕ್‌ನಲ್ಲಿ ಪುಸ್ತಕ ಓದಲಿ. ಅವರನ್ನು ಮಾತಾಡಿಸಬೇಡಿ. ಗಂಡ ಹೆಂಡತಿಯೂ ಬೇರೆ ಬೇರೆ ಹೋಗಿಬರಲಿ. ವಾರದ ನಡುವೆ ಒಂದು ದಿನ ಎಲ್ಲಿಗೂ ಹೋಗದೆ ನಿಂತಲ್ಲೇ ನಿಲ್ಲಿ. ಲೆಫ್ಕಾಡದ ಸಿವೋಟ ಕೊಲ್ಲಿ ಇದಕ್ಕೆ ಒಳ್ಳೆಯ ಜಾಗ.

ದುಡ್ಡಿಗೆ ಒಂದೇ ಚೀಲ ಇಡಿ. ಮೊದಲ ದಿನ ಎಲ್ಲರೂ ಒಂದೇ ಮೊತ್ತ ಹಾಕಿ, ದಿನಸಿ, ಡೀಸೆಲ್, ಬಂದರಿನ ಶುಲ್ಕ ಅದರಿಂದಲೇ ಹೋಗಲಿ. ಮದ್ಯ ಕುಡಿಯದವರು, ಮಾಂಸ ತಿನ್ನದವರು ಇದ್ದರೆ ತಾವೆರ್ನಾದ ಬಿಲ್ಲನ್ನು ಆ ಚೀಲಕ್ಕೆ ಸೇರಿಸಬೇಡಿ. ಇದರಲ್ಲಿ ಸಂಕೋಚ ಪಟ್ಟವರೇ ಆಮೇಲೆ ಮನಸ್ಸು ಕಹಿ ಮಾಡಿಕೊಳ್ಳುತ್ತಾರೆ.

ಗಾಳಿ 6ನೇ ಮಟ್ಟದ್ದು, ಅಂದರೆ ಗಂಟೆಗೆ 22 ನಾಟಿಕಲ್ ಮೈಲಿಗಿಂತ ಹೆಚ್ಚು ಅಂತ ಮುನ್ಸೂಚನೆ ಬಂದರೆ ಹೊಸಬರ ಗುಂಪು ಹೊರಡಬಾರದು. ಯೋಜನೆಯಲ್ಲಿ ಇನ್ನೂ ಎರಡು ದ್ವೀಪ ಉಳಿದಿದ್ದರೂ ಸರಿ. ಆರು ಜನರಲ್ಲಿ ಒಬ್ಬರಿಗೆ ನಿಜವಾಗಿ ಹೆದರಿಕೆ ಆಗಿದ್ದರೆ ಅಷ್ಟೇ ಸಾಕು, ದಡದಲ್ಲೇ ಉಳಿಯಿರಿ.

ಶುಕ್ರವಾರ ಮತ್ತು ಶನಿವಾರ

ಶುಕ್ರವಾರ ಸಂಜೆಯೇ ಮರೀನಾಕ್ಕೆ ವಾಪಸ್ ಬರಬೇಕು ಎನ್ನುವುದು ಬಹುತೇಕ ಬಾಡಿಗೆಯವರ ನಿಯಮ. ಗುರುವಾರ ರಾತ್ರಿ ಎಲ್ಲಿ ನಿಲ್ಲಬೇಕು ಅಂತ ಇದನ್ನು ನೋಡಿಯೇ ಲೆಕ್ಕ ಹಾಕಿ. ಮೆಗಾನಿಸಿ ಅಥವಾ ಲೆಫ್ಕಾಡದ ನಿದ್ರಿ ಊರಿನ ಹತ್ತಿರ ಇದ್ದರೆ ಆತಂಕ ಇರುವುದಿಲ್ಲ. ಡೀಸೆಲ್ ತುಂಬಿಸುವ ಕಡೆ ಸಂಜೆ ಸರದಿ ಉದ್ದ ಇರುತ್ತದೆ, ಮಧ್ಯಾಹ್ನವೇ ಹೋಗಿ ರಸೀದಿ ಇಟ್ಟುಕೊಳ್ಳಿ. ಕೊಳಚೆ ಟ್ಯಾಂಕನ್ನು ಕಾಲುವೆಗೆ ಬರುವ ಮುಂಚೆಯೇ ಖಾಲಿ ಮಾಡಿರಬೇಕು.

ಮುರಿದದ್ದು, ಕಳೆದದ್ದು ಏನಿದ್ದರೂ ಅವರು ಹುಡುಕುವ ಮೊದಲು ನೀವೇ ಹೇಳಿ. ಮುಂದಿನ ಗುಂಪು ಅದೇ ದಿನ ಮಧ್ಯಾಹ್ನ ಹತ್ತುತ್ತದೆ, ಕೆಟ್ಟ ಪಂಪನ್ನು ಸರಿ ಮಾಡಲು ಅವರಿಗೆ ಕೆಲವೇ ಗಂಟೆ ಇರುತ್ತದೆ. ಉಳಿದ ಅಕ್ಕಿ, ಎಣ್ಣೆ, ನೀರಿನ ಬಾಟಲಿಗಳನ್ನು ಎಸೆಯಬೇಡಿ, ಪಕ್ಕದ ದೋಣಿಯವರನ್ನು ಕೇಳಿ ಕೊಡಿ. ಶನಿವಾರ ಬೆಳಿಗ್ಗೆ ಇಳಿಯುವ ಮುಂಚೆ ಹಾಸಿಗೆಗಳ ಕೆಳಗಿನ ಪೆಟ್ಟಿಗೆಗಳನ್ನೂ ಒಲೆಯ ಕೆಳಗನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡಿ. ಕುಕ್ಕರ್‌ನ ವಿಜಲ್ ಅಲ್ಲೇ ಉಳಿದುಹೋಗುತ್ತದೆ. ಡಿಪಾಸಿಟ್ ಬಿಟ್ಟುಕೊಟ್ಟದ್ದಕ್ಕೆ ಸಹಿ ಮಾಡಿದ ಕಾಗದ ಕೈಗೆ ಬಂದ ಮೇಲೆಯೇ ಟ್ಯಾಕ್ಸಿಗೆ ಫೋನ್ ಮಾಡಿ.